ಡಿಚ್, ನೀರು ಕಂಡರೆ ನಿಲ್ಲುವ ಕುದುರೆ: ಕ್ರಾಸ್‌ಕಂಟ್ರಿಗೆ ಹೇಗೆ ತಯಾರು ಮಾಡುವುದು?

ಹೆಸರಘಟ್ಟ_ಸವಾರಿ

ಎಲ್ಲರಿಗೂ ನಮಸ್ಕಾರ. ಕ್ರಾಸ್‌ಕಂಟ್ರಿ (ಬಯಲಿನಲ್ಲಿ ದಿಮ್ಮಿ, ಡಿಚ್, ನೀರಿನಂಥ ಅಡ್ಡಿಗಳನ್ನು ಕುದುರೆಯ ಮೇಲೆ ದಾಟುವ ಸ್ಪರ್ಧೆ) ಮಾಡಿಸಿ ಗೊತ್ತಿರುವವರ ಸಲಹೆ ಬೇಕು.

ಕುದುರೆ ಥರೋಬ್ರೆಡ್ (ರೇಸ್ ತಳಿ) ಗೆಲ್ಡಿಂಗ್ (ಬೀಜ ತೆಗೆಸಿದ ಗಂಡು), 7 ವರ್ಷ, ರೇಸ್ ಬಿಟ್ಟು ಒಂದೂವರೆ ವರ್ಷವಾಗಿದೆ. ಅರೀನಾದಲ್ಲಿ (ಅಭ್ಯಾಸದ ಅಂಗಳದಲ್ಲಿ) 95 ಸೆಂ.ಮೀ. ಶೋಜಂಪಿಂಗ್ (ತಾಗಿದರೆ ಬೀಳುವ ಕಂಬಗಳ) ಕೋರ್ಸ್ ಸಲೀಸಾಗಿ ಮುಗಿಸುತ್ತದೆ. ತೊಂದರೆ ಶುರುವಾಗುವುದು ಬಯಲಿಗೆ ಇಳಿದ ಮೇಲೆ. ಬರೀ 70 ಸೆಂ.ಮೀ. ದಿಮ್ಮಿ ಕಂಡರೂ ತಲೆ ಮೇಲೆತ್ತಿ, ಲಗಾಮು ಕಿತ್ತುಕೊಂಡು ಓಡುತ್ತದೆ. ಡಿಚ್ (ಕಂದಕ) ಎರಡಡಿ ಅಗಲದ್ದಾದರೂ ನಾಲ್ಕು ಹೆಜ್ಜೆ ಇರುವಾಗಲೇ ಕುಗ್ಗಿ, ಅಂಚಿಗೆ ಬಂದು ನಿಂತುಬಿಡುತ್ತದೆ. ಒತ್ತಾಯ ಮಾಡಿದರೆ ನಿಂತಲ್ಲಿಂದಲೇ ಜಿಂಕೆಯ ಹಾಗೆ ಎಗರುತ್ತದೆ, ಆಗ ಸವಾರಿ ಮಾಡುವ ಹುಡುಗಿ ಹಿಂದೆ ಉಳಿದು ಲಗಾಮಿಗೆ ಜೋತುಬೀಳುತ್ತಾಳೆ. ನೀರಿನ ಹತ್ತಿರವಂತೂ ಹೋಗುವುದೇ ಇಲ್ಲ, ಹಿಮ್ಮುಖವಾಗಿ ನಡೆಯುತ್ತದೆ.

ಸವಾರಳಿಗೆ 16 ವರ್ಷ, ಅರೀನಾದಲ್ಲಿ ಒಳ್ಳೆಯ ಸೀಟ್ (ಜೀನಿನ ಮೇಲೆ ಕೂರುವ ಹಿಡಿತ) ಇದೆ, ಬಯಲಿನ ಅಭ್ಯಾಸ ಕಡಿಮೆ. ನಾಲ್ಕು ತಿಂಗಳಲ್ಲಿ 80 ಸೆಂ.ಮೀ. ಕ್ಲಾಸ್‌ಗೆ ಇಳಿಸುವ ಆಸೆ. ಕಡಿವಾಣ ಇನ್ನೂ ಬಿಗಿಯಾದದ್ದು ಹಾಕಬೇಕಾ? ಡಿಚ್ ಮುಂದೆ ಚಾಟಿ ಬಳಸುವುದು ಸರಿಯಾ? ಎಲ್ಲಿಂದ ಶುರು ಮಾಡಲಿ?

ನಡೆಮುಂದೆ

ಕಡಿವಾಣ ಬದಲಿಸಬೇಡಿ, ಮೊದಲು ಕ್ಯಾಂಟರ್ (ಹದವಾದ ಓಟ) ಬದಲಿಸಿ. ರೇಸ್ ಕುದುರೆಗೆ ಬಾಯಿಯ ಮೇಲೆ ಬಿಗಿ ಬಿದ್ದರೆ ಅದಕ್ಕೆ ಒರಗಿಕೊಂಡು ಓಡುವುದೇ ಅಭ್ಯಾಸ. ಜಾಕಿ ಲಗಾಮು ಗಟ್ಟಿ ಹಿಡಿದಷ್ಟೂ ಅದು ಆಸರೆ ಸಿಕ್ಕಿತು ಎಂದುಕೊಂಡು ವೇಗ ಹೆಚ್ಚಿಸುತ್ತದೆ. ನಿಮ್ಮ ಹುಡುಗಿ ದಿಮ್ಮಿಯ ಮುಂದೆ ಎಳೆದಾಗ ಆಗುತ್ತಿರುವುದೂ ಅದೇ. ಇನ್ನೂ ಬಿಗಿ ಕಡಿವಾಣ ಹಾಕಿದರೆ ತಲೆ ಇನ್ನಷ್ಟು ಮೇಲೆ ಹೋಗುತ್ತದೆ, ಬೆನ್ನು ಟೊಳ್ಳಾಗುತ್ತದೆ, ಡಿಚ್ ನೋಡಲು ತಲೆ ತಗ್ಗಿಸುವುದಕ್ಕೇ ಆಗುವುದಿಲ್ಲ.

ಓಡಿಹೋಗುವುದಕ್ಕೆ ಮದ್ದು ಅರೀನಾದಲ್ಲೇ ಇದೆ. ನೆಲದ ಮೇಲೆ ನಾಲ್ಕು ಪೋಲ್, ನಡುವೆ 1.3ರಿಂದ 1.4 ಮೀ. ಅಂತರ, ಟ್ರಾಟ್‌ನಲ್ಲಿ (ನಡಿಗೆಗೂ ಕ್ಯಾಂಟರ್‌ಗೂ ನಡುವಿನ ಓಟದಲ್ಲಿ) ದಾಟಿಸಿ. ಕೊನೆಯ ಪೋಲ್‌ನಿಂದ 2.7 ಮೀ. ದೂರಕ್ಕೆ 40 ಸೆಂ.ಮೀ. ಕ್ರಾಸ್ (ಎರಡು ಪೋಲ್ ಒಂದಕ್ಕೊಂದು ಅಡ್ಡವಾಗಿಟ್ಟ ಅಡ್ಡಿ) ಇಡಿ. ಇಳಿದ ಕಡೆಯೂ 2.7–3 ಮೀ. ದೂರಕ್ಕೆ ಒಂದು ಪೋಲ್ ಹಾಕಿ, ಇಳಿದ ತಕ್ಷಣ ದೌಡಾಯಿಸದಂತೆ ಅದು ತಡೆಯುತ್ತದೆ. ಇದು ಸಲೀಸಾದ ಮೇಲೆ ಕ್ರಾಸ್‌ನಿಂದ 5.5 ಮೀ. ದೂರಕ್ಕೆ ಸಣ್ಣ ವರ್ಟಿಕಲ್ (ನೆಟ್ಟಗಿನ ಅಡ್ಡಿ) ಸೇರಿಸಿ, ಟ್ರಾಟ್‌ನಲ್ಲಿ ಬಂದರೆ ನಡುವೆ ಒಂದು ಸ್ಟ್ರೈಡ್ (ಕುದುರೆಯ ಒಂದು ಪೂರ್ತಿ ಹೆಜ್ಜೆ) ಸಿಗುತ್ತದೆ. ಕ್ಯಾಂಟರ್‌ನಲ್ಲಿ ಬರುವಾಗ ಅದೇ ಒಂದು ಸ್ಟ್ರೈಡ್‌ಗೆ 6.5–7 ಮೀ. ಬೇಕು. ಬೌನ್ಸ್‌ಗೆ (ನಡುವೆ ಸ್ಟ್ರೈಡ್ ಇಲ್ಲದೆ, ಇಳಿದ ಕೂಡಲೇ ಮತ್ತೆ ಹಾರುವುದಕ್ಕೆ) 3–3.3 ಮೀ. ಕುದುರೆಯ ಸ್ಟ್ರೈಡ್ ನೋಡಿಕೊಂಡು ಒಂದು ಗೇಣು ಹೆಚ್ಚು ಕಡಿಮೆ ಮಾಡಿ. ಆದರೆ ಅಂತರವನ್ನು ಟೇಪ್ ಹಿಡಿದೇ ಅಳೆಯಿರಿ, ಹೆಜ್ಜೆ ಹಾಕಿ ಅಂದಾಜು ಮಾಡಬೇಡಿ.

ಬಯಲಿನಲ್ಲಿ: ದಿಮ್ಮಿಯ ಮುಂದೆ 20 ಮೀಟರ್ ವೃತ್ತ ಹಾಕಿಸಿ. ಲಯ ಕೂರುವ ತನಕ ವೃತ್ತ ಬಿಡಬೇಡಿ, ಮೂರು ಸುತ್ತೋ ಎಂಟು ಸುತ್ತೋ ಆಗಲಿ. ಉಸಿರು ಸಮವಾಗಿ, ಕುತ್ತಿಗೆ ಉದ್ದವಾದಾಗ ಮಾತ್ರ ವೃತ್ತದಿಂದ ಹಾಗೇ ತಿರುಗಿಸಿ ದಿಮ್ಮಿಗೆ ಹೋಗಲಿ, ಹಾರಿದ ಮೇಲೆ ಮತ್ತೆ ವೃತ್ತ. ದಿಮ್ಮಿ ಎಂದರೆ ಓಟ ಎಂಬ ಲೆಕ್ಕ ಅದರ ತಲೆಯಿಂದ ಹೋಗಬೇಕು. ಕೊನೆಯ ನಾಲ್ಕು ಸ್ಟ್ರೈಡ್‌ಗಳಲ್ಲಿ ಕೈ ಸುಮ್ಮನಿರಲಿ. ಅಲ್ಲಿ ಎಳೆದರೆ ಕುದುರೆ ಸವಾರನ ಜೊತೆ ಜಗಳಕ್ಕೆ ಬೀಳುತ್ತದೆ, ಅಡ್ಡಿಯನ್ನು ನೋಡುವುದಿಲ್ಲ.

ಇನ್ನು ಡಿಚ್. ಕುದುರೆ ಏನು ನೋಡುತ್ತದೆ ಎಂಬುದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಅದರ ಕಣ್ಣು ತಲೆಯ ಪಕ್ಕದಲ್ಲಿದೆ. ಹಣೆಯ ನೇರ ಮುಂದೆ, ಮೂಗಿನ ಕೆಳಗೆ ಕುರುಡು ಜಾಗ. ಹಾರುವ ಗಳಿಗೆಯಲ್ಲಿ ಅಡ್ಡಿ ಅದಕ್ಕೆ ಕಾಣುವುದೇ ಇಲ್ಲ, ಮೊದಲೇ ನೋಡಿಟ್ಟುಕೊಂಡ ನೆನಪಿನ ಮೇಲೆ ಹಾರುತ್ತದೆ. ಬೇಲಿಯಾದರೆ ದೂರದಿಂದ ಕಾಣುತ್ತದೆ. ಡಿಚ್ ಹಾಗಲ್ಲ. ನೆಲದಲ್ಲಿ ಒಂದು ಕಪ್ಪು ಗೆರೆ, ಹತ್ತಿರ ಬಂದ ಮೇಲೆ ಬಾಯಿ ತೆರೆದ ಗುಂಡಿ. ನಾಲ್ಕು ಹೆಜ್ಜೆ ಇರುವಾಗ ನಿಮ್ಮ ಕುದುರೆ ಕುಗ್ಗುವುದು ಮೊಂಡುತನದಿಂದಲ್ಲ. ಆಳ ಗೊತ್ತಾಗುವ ಮೊದಲೇ ಹಾರು ಎಂದು ಕೇಳುತ್ತಿದ್ದೀರಿ.

ಮೊದಲ ವಾರ ಅರೀನಾದಲ್ಲೇ ಸುಳ್ಳು ಡಿಚ್ ಮಾಡಿ. ಎರಡು ಪೋಲ್‌ಗಳನ್ನು 30 ಸೆಂ.ಮೀ. ಅಂತರದಲ್ಲಿಟ್ಟು ನಡುವೆ ಕಪ್ಪು ಗೋಣಿತಟ್ಟು ಹಾಸಿ, ಅಂಚುಗಳನ್ನು ಪೋಲ್ ಕೆಳಗೆ ಸಿಕ್ಕಿಸಿ. ಪ್ಲಾಸ್ಟಿಕ್ ಟಾರ್ಪಾಲು ಬೇಡ, ಗೊರಸು ಬಿದ್ದರೆ ಜಾರುತ್ತದೆ, ಗಾಳಿಗೆ ಪಟಪಟ ಅನ್ನುತ್ತದೆ. ದಿನದಿಂದ ದಿನಕ್ಕೆ 60, ಆಮೇಲೆ 80 ಸೆಂ.ಮೀ. ಅಗಲಿಸಿ.

ನಿಜವಾದ ಡಿಚ್ 50–60 ಸೆಂ.ಮೀ. ಅಗಲ, ಒಂದಡಿ ಆಳ ಸಾಕು. ಉದ್ದ ಮಾತ್ರ ಕನಿಷ್ಠ 4 ಮೀ. ಇರಲಿ, ಇಲ್ಲದಿದ್ದರೆ ಪಕ್ಕಕ್ಕೆ ನುಸುಳುವುದನ್ನು ಕಲಿಯುತ್ತದೆ. ಅನುಭವಸ್ಥ ಕುದುರೆಯೊಂದು ಎರಡು ಕುದುರೆ ಉದ್ದದಷ್ಟು ಮುಂದೆ ನಡೆಯಲಿ. ನಿಮ್ಮದು ಹಿಂದೆಯೇ ವಾಕ್‌ನಲ್ಲಿ, ಲಗಾಮು ಉದ್ದ ಬಿಟ್ಟು. ಅಂಚಿಗೆ ಬಂದು ನಿಂತರೆ ನಿಲ್ಲಲಿ. ಕಿವಿ ಎರಡೂ ಮುಂದಕ್ಕೆ, ಕುತ್ತಿಗೆ ತಗ್ಗಿಸಿ ಮೂಗಿನಿಂದ ಬುಸುಗುಟ್ಟುತ್ತದೆ, ಅದು ಓದುತ್ತಿದೆ ಎಂದರ್ಥ. ಓದಲು ಬಿಡಿ. ಕಾಲಿನ ಒತ್ತು ಹಗುರವಾಗಿ ಇದ್ದೇ ಇರಲಿ, ಒಂದು ಕೈ ಕತ್ತಿನ ಪಟ್ಟಿಯಲ್ಲಿ (ಹಿಡಿದುಕೊಳ್ಳಲು ಕುದುರೆಯ ಕತ್ತಿಗೆ ಕಟ್ಟುವ ಪಟ್ಟಿ), ಸವಾರಳ ಕಣ್ಣು ಆಚೆ ದಡದ ಮರದ ತುದಿಯಲ್ಲಿ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟರೆ ಪರವಾಗಿಲ್ಲ, ಮುಖ ತಿರುಗಿಸಲು ಮಾತ್ರ ಬಿಡಬಾರದು. ಹಿಂಗಾಲು ಒಳಗೆ ಬಂದು ಬೆನ್ನು ಉಬ್ಬಿತೆಂದರೆ ಈಗ ಎಗರುತ್ತದೆ, ಕೈ ಮುಂದಕ್ಕೆ ಹೋಗಲಿ.

ನಿಂತಲ್ಲಿಂದಲೇ ದಾಟಬಹುದಾದಷ್ಟು ಸಣ್ಣದನ್ನೇ ಕೇಳಿ. ಅಷ್ಟಿದ್ದರೆ ಕೊನೆಗೆ ಆಚೆ ದಡವೇ ಗತಿ ಎಂದು ಅದಕ್ಕೆ ತಿಳಿಯುತ್ತದೆ. ದೊಡ್ಡದು ಕೇಳಿ ಒಮ್ಮೆ ನಿಂತು ವಾಪಸ್ ಬಂದರೆ, ನಿಲ್ಲುವುದೂ ಒಂದು ದಾರಿ ಎಂದು ನೀವೇ ಕಲಿಸಿದ ಹಾಗೆ. ಎರಡೂ ಕಡೆಯಿಂದ ಐದಾರು ಸಲ ವಾಕ್, ಎರಡನೇ ದಿನ ಟ್ರಾಟ್, ಎಗರುವುದು ನಿಂತು ಸಹಜವಾಗಿ ದಾಟತೊಡಗಿದ ಮೇಲೆ ಕ್ಯಾಂಟರ್.

ಚಾಟಿ: ಕುದುರೆ ಹಿಂಜರಿದ ಕ್ಷಣದಲ್ಲಿ, ಸವಾರಳ ಕಾಲಿನ ಹಿಂದೆ, ಒಂದೇ ಸಲ. ನಿಂತು ತಿರುಗಿದ ಮೇಲೆ ಹೊಡೆದರೆ ಯಾಕೆಂದು ಅದಕ್ಕೆ ಗೊತ್ತಾಗುವುದಿಲ್ಲ, ಡಿಚ್ ಹತ್ತಿರ ಹೋದರೆ ಏಟು ಬೀಳುತ್ತದೆ ಎಂದಷ್ಟೇ ನೆನಪಿರುತ್ತದೆ. ಎಫ್‌ಇಐ (ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ) ನಿಯಮದಲ್ಲೂ ಒಂದು ಘಟನೆಗೆ ಎರಡಕ್ಕಿಂತ ಹೆಚ್ಚು ಏಟಿಗೆ ಅವಕಾಶವಿಲ್ಲ.

ಮಳೆಗಾಲದ_ಸವಾರ

ಮೇಲಿನ ಸಲಹೆಗೆ ನನ್ನದು ಒಂದೇ ತಿದ್ದುಪಡಿ. ಮುಂದೆ ನಡೆಯುವ ಕುದುರೆಯನ್ನು ಎರಡು ಮೂರು ಸಲ ಮಾತ್ರ ಬಳಸಿ. ಅದೇ ದಿನ, ಅದೇ ಡಿಚ್‌ನಲ್ಲಿ ಕೊನೆಯ ಎರಡು ಸಲ ಒಂಟಿಯಾಗಿ ದಾಟಿಸಿಯೇ ಮುಗಿಸಿ. ಥರೋಬ್ರೆಡ್‌ಗಳು ಹಿಂಡಿನಲ್ಲಿ ಓಡಿ ಬೆಳೆದವು. ಜೊತೆಗಾರನಿಲ್ಲದೆ ಹೋಗುವುದು ಅವಕ್ಕೆ ಬೇರೆಯದೇ ಪಾಠ.

ನೀರಿನ ಬಗ್ಗೆ ಬರೆಯುತ್ತೇನೆ. ಮೊದಲನೆಯದಾಗಿ, ಕೆರೆಯಂಚಿಗೆ ಕರೆದುಕೊಂಡು ಹೋಗಬೇಡಿ. ಬೇಸಿಗೆಯಲ್ಲಿ ಇಳಿದ ಕೆರೆ ನೋಡಲು ಚೆನ್ನಾಗಿರುತ್ತದೆ, ಆದರೆ ಮೇಲಿನ ಒಣ ಹೆಪ್ಪಿನ ಕೆಳಗೆ ಹೂಳು. ಮುಂಗಾಲು ಒಮ್ಮೆ ಮೊಣಕಾಲಿನ ತನಕ ಹೂತರೆ ಆ ಕುದುರೆ ತಿಂಗಳುಗಟ್ಟಲೆ ನೀರನ್ನು ನಂಬುವುದಿಲ್ಲ, ಟೆಂಡನ್‌ಗೆ (ಕಾಲಿನ ಸ್ನಾಯುರಜ್ಜುವಿಗೆ) ಪೆಟ್ಟಾದರೆ ಅದು ಬೇರೆ. ಬಾಟಲಿ ಚೂರು, ಬಲೆ, ತಂತಿಯ ಭಯವೂ ಇದೆ. ಕುದುರೆಯನ್ನು ಇಳಿಸುವ ಯಾವುದೇ ನೀರಿಗೆ ಮೊದಲು ನೀವು ಇಳಿದು, ಹೋಗುವ ದಾರಿಯುದ್ದಕ್ಕೂ ಕಾಲಿಟ್ಟು ನೋಡಿ.

ನೀವೇ ಮಾಡಿಕೊಳ್ಳುವುದಾದರೆ 8 ಮೀ. ಅಗಲ, 10 ಮೀ. ಉದ್ದ ಸಾಕು. ಮೇಲ್ಮಣ್ಣು ತೆಗೆದು, ಜಲ್ಲಿ ಹಾಕಿ ರೋಲರ್ ಹೊಡೆಸಿ, ಮೇಲೆ 10–15 ಸೆಂ.ಮೀ. ಜಲ್ಲಿಪುಡಿ ಹಾಕಿ ಮತ್ತೆ ರೋಲರ್. ದಪ್ಪ ಜಲ್ಲಿ ಮೇಲೆದ್ದು ಬಂದರೆ ಗೊರಸಿನ ಅಡಿಗೆ ಚುಚ್ಚುತ್ತದೆ. ಒಂದು ಬದಿ ರ‍್ಯಾಂಪಿನ ಹಾಗೆ ನಿಧಾನವಾಗಿ ಇಳಿಯಲಿ. ಕಲಿಸಲು ನೀರು 15–20 ಸೆಂ.ಮೀ. ಇದ್ದರೆ ಸಾಕು.

ಕ್ರಮ ಹೀಗಿರಲಿ. ಮಳೆ ಬಂದ ಮರುದಿನ ದಾರಿಯ ಹೊಂಡಗಳಲ್ಲಿ ವಾಕ್ ಮಾಡಿಸಿ, ಸುತ್ತುಬಳಸಿ ಹೋಗಲು ಬಿಡಬೇಡಿ. ಕೊಳಕ್ಕೆ ಬಂದಾಗ ರ‍್ಯಾಂಪಿನ ಕಡೆಯಿಂದ, ಜೊತೆಗಾರ ಕುದುರೆಯ ಹಿಂದೆ, ವಾಕ್‌ನಲ್ಲಿ ಇಳಿಸಿ. ಸೂರ್ಯ ಬೆನ್ನ ಹಿಂದಿರುವ ಹೊತ್ತು ಆರಿಸಿಕೊಳ್ಳಿ, ಎದುರು ಬಿಸಿಲಿಗೆ ನೀರು ಕನ್ನಡಿಯ ಹಾಗೆ ಹೊಳೆದರೆ ತಳ ಕಾಣುವುದಿಲ್ಲ. ಒಳಗೆ ಹೋದ ಮೇಲೆ ನಿಲ್ಲಿಸಿ, ಕತ್ತು ತಟ್ಟಿ, ನೀರು ಕುಡಿದರೂ ಕುಡಿಯಲಿ. ಮುಂಗಾಲಿನಿಂದ ನೀರನ್ನು ಬಡಿಯತೊಡಗಿದರೆ ಮಾತ್ರ ತಕ್ಷಣ ಮುಂದೆ ನಡೆಸಿ, ಅದು ಮಲಗಿ ಹೊರಳುವ ಸೂಚನೆ, ಜೀನು ಸಮೇತ ಮಲಗುತ್ತದೆ.

ವಾಕ್‌ನಲ್ಲಿ ನಿರಾಳವಾದ ಮೇಲೆ ಟ್ರಾಟ್. ಆಮೇಲೆ ನೀರಿನಿಂದ *ಹೊರಕ್ಕೆ* ಸಣ್ಣ ಮೆಟ್ಟಿಲು ಹತ್ತಿಸಿ. ಒಳಕ್ಕೆ ಧುಮುಕುವುದು ಎಲ್ಲಕ್ಕಿಂತ ಕೊನೆಗೆ. ನೀರಿಗೆ ಎರಡು ಸ್ಟ್ರೈಡ್ ಮೊದಲು 40 ಸೆಂ.ಮೀ. ದಿಮ್ಮಿ, ಅದು ಸಲೀಸಾದರೆ 30 ಸೆಂ.ಮೀ. ಮೆಟ್ಟಿಲಿನಿಂದ ನೇರ ನೀರಿಗೆ.

ನೀರಿಗೆ ವೇಗವಾಗಿ ಬರುವುದು ಎಲ್ಲರೂ ಮಾಡುವ ತಪ್ಪು. ನೀರು ಕಾಲನ್ನು ಹಿಡಿದು ಎಳೆಯುತ್ತದೆ. ದೇಹ ಮುಂದೆ ಹೋಗುತ್ತಿರುತ್ತದೆ, ಕಾಲು ಹಿಂದೆ ಉಳಿಯುತ್ತದೆ, ಮುಗ್ಗರಿಸುತ್ತದೆ. ಜೊತೆಗೆ ಚಿಮ್ಮಿದ ನೀರು ಕಣ್ಣಿಗೆ ಹೊಡೆದರೆ ನೀರಿನೊಳಗಿನ ಮುಂದಿನ ಅಡ್ಡಿ ಕಾಣುವುದಿಲ್ಲ. ಹೆಜ್ಜೆ ಗಿಡ್ಡ, ಪುಟಿಯುವ ಕ್ಯಾಂಟರ್, ಬಹುತೇಕ ಟ್ರಾಟ್‌ನ ವೇಗ. ಇಷ್ಟೇ ಬೇಕಾದದ್ದು. ಕಾಲಿಗೆ ಬಟ್ಟೆಯ ಬ್ಯಾಂಡೇಜ್ ಕಟ್ಟಿ ನೀರಿಗಿಳಿಸಬೇಡಿ, ನೆನೆದು ಭಾರವಾಗಿ ಸಡಿಲವಾಗುತ್ತದೆ. ನೀರು ಬಸಿದುಹೋಗುವ ಗಟ್ಟಿ ಟೆಂಡನ್ ಬೂಟ್ ಇರಲಿ.

ರಿಕಾಪು_1982

ಕುದುರೆಯ ಬಗ್ಗೆ ಸಾಕಷ್ಟು ಬಂತು, ಹುಡುಗಿಯ ಬಗ್ಗೆ ಬರಲಿಲ್ಲ. ಪ್ರಶ್ನೆಯಲ್ಲಿರುವ "ಹಿಂದೆ ಉಳಿದು ಲಗಾಮಿಗೆ ಜೋತುಬೀಳುತ್ತಾಳೆ" ಎಂಬ ಮಾತು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಕುದುರೆ ಹೆದರಿಕೊಂಡೇ ಧೈರ್ಯ ಮಾಡಿ ಎಗರಿತು. ಆಚೆ ದಡದಲ್ಲಿ ಅದಕ್ಕೆ ಸಿಕ್ಕಿದ್ದು ಬಾಯಿಗೆ ಜಗ್ಗು, ಬೆನ್ನಿಗೆ ಗುದ್ದು. ಮುಂದಿನ ಸಲ ನಿಲ್ಲದೆ ಇನ್ನೇನು ಮಾಡೀತು? ಹೀಗಾಗಿ ಕತ್ತಿನ ಪಟ್ಟಿ ಕಟ್ಟುವುದು ಇವತ್ತಿನಿಂದಲೇ ಆಗಲಿ. ಹಳೆಯ ರಿಕಾಪಿನ ಚರ್ಮದ ಪಟ್ಟಿಯೊಂದನ್ನು ಕುದುರೆಯ ಕತ್ತಿನ ಬುಡಕ್ಕೆ ಸುತ್ತಿ, ಬ್ರೆಸ್ಟ್‌ಪ್ಲೇಟ್‌ಗೆ (ಎದೆಯ ಪಟ್ಟಿಗೆ) ಸೇರಿಸಿ, ಹಿಂದಕ್ಕೆ ಜಾರದ ಹಾಗೆ. ಡಿಚ್‌ಗೆ ಬರುವಾಗ ಎರಡು ಬೆರಳು ಅದರಲ್ಲಿ ಸಿಕ್ಕಿಸಿಕೊಂಡಿರಲಿ.

ರಿಕಾಪು ಶೋಜಂಪಿಂಗ್‌ಗಿಂತ ಒಂದೆರಡು ತೂತು ಮೇಲಕ್ಕೆ. ಗಿಡ್ಡ ರಿಕಾಪಿನಲ್ಲಿ ಮಂಡಿ ಮಡಿಸಿ, ಭಾರ ಹಿಮ್ಮಡಿಗೆ ಇಳಿದು, ಆಸನ ಜೀನಿನಿಂದ ಸ್ವಲ್ಪ ಮೇಲೆ. ಈ ಭಂಗಿಯಲ್ಲಿ ಮೊದಲ ದಿನ ಎರಡು ನಿಮಿಷ ಕ್ಯಾಂಟರ್ ಮಾಡಲು ಸಾಧ್ಯವಾದರೆ ದೊಡ್ಡದು. ತೊಡೆ ನಡುಗತೊಡಗಿದಾಗ ಸವಾರರು ಲಗಾಮಿಗೆ ಆತುಕೊಳ್ಳುತ್ತಾರೆ, ಕುದುರೆ ಎಳೆಯತೊಡಗುತ್ತದೆ, ಕುದುರೆಯದೇ ತಪ್ಪು ಎಂದುಕೊಳ್ಳುತ್ತೇವೆ. ಎಂಟು ನಿಮಿಷದ ತನಕ ಬೆಳೆಸಬೇಕು.

ಅಡ್ಡಿಯಿಂದ ಅಡ್ಡಿಗೆ ಭಂಗಿ ಬದಲಾಗುತ್ತದೆ. ಇಳಿಜಾರಿನ ಮುಖವಿರುವ ಅಗಲ ಅಡ್ಡಿಗೆ ಓಟದ ಲಯದಲ್ಲೇ ಹೋಗಬಹುದು. ನೆಟ್ಟಗಿನ ಅಡ್ಡಿ, ಕಾಫಿನ್ (ಬೇಲಿ, ಡಿಚ್, ಬೇಲಿ ಸಾಲಾಗಿರುವ ಅಡ್ಡಿ), ಡ್ರಾಪ್ (ಹಾರಿ ತಗ್ಗಿಗೆ ಇಳಿಯುವ ಅಡ್ಡಿ), ನೀರು ಬಂದಾಗ ಎಂಟು ಹತ್ತು ಸ್ಟ್ರೈಡ್ ಮೊದಲೇ ಭುಜ ಎತ್ತಿ, ಬೆನ್ನು ನೆಟ್ಟಗೆ ಮಾಡಿ, ಕಾಲು ಒತ್ತಿ ಹಿಂಗಾಲನ್ನು ಒಳಕ್ಕೆ ತರಿಸಬೇಕು. ವೇಗ ಇಳಿಯಬೇಕು, ಎಂಜಿನ್ ಆರಬಾರದು.

ಡ್ರಾಪ್‌ನಲ್ಲಿ ಮೊಣಕಾಲ ಕೆಳಗಿನ ಭಾಗ ಸ್ವಲ್ಪ ಮುಂದೆ, ಭುಜ ಹಿಂದೆ, ಬೆರಳು ಸಡಿಲಿಸಿ ಲಗಾಮು ಜಾರಲು ಬಿಡಬೇಕು, ಇಳಿದ ಎರಡು ಸ್ಟ್ರೈಡ್‌ನಲ್ಲಿ ಮತ್ತೆ ಕೂಡಿಸಿಕೊಳ್ಳಬೇಕು. ಇದನ್ನು ನಿಂತ ಕುದುರೆಯ ಮೇಲೆ ಕೂತು ಇಪ್ಪತ್ತು ಸಲ, ಟ್ರಾಟ್‌ನಲ್ಲಿ ಇಪ್ಪತ್ತು ಸಲ ಮಾಡಿಸಿ. ಬಕಲ್ ತನಕ ಬಿಡು, ಕೂಡಿಸು, ಬಿಡು, ಕೂಡಿಸು. ಡ್ರಾಪ್ ಮೇಲೆ ನಿಂತು ಕಲಿಯುವ ವಿದ್ಯೆಯಲ್ಲ ಇದು.

ವೇಗದ ಅಂದಾಜು ಬರಲು 400 ಮೀ. ಅಳೆದು ನಾಲ್ಕು ಬಾವುಟ ನೆಡಿ, ನೂರು ಮೀಟರಿಗೊಂದು. ಗಡಿಯಾರ ನೋಡದೆ 60 ಸೆಕೆಂಡಿನಲ್ಲಿ ಮುಗಿಸಲು ಹೇಳಿ. ರೇಸ್ ಕುದುರೆಯ ಮೇಲೆ ಕೂತವರು ಮೊದಮೊದಲು 45 ಸೆಕೆಂಡಿಗೇ ಬಂದುಬಿಡುತ್ತಾರೆ. ಸಣ್ಣ ಕ್ಲಾಸ್‌ಗಳಲ್ಲಿ ನಿಮಿಷಕ್ಕೆ 400 ಮೀಟರಿನ ಆಸುಪಾಸು ಕೇಳುತ್ತಾರೆ. ಎಫ್‌ಇಐನ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕೆಳಹಂತದ ಸಿಸಿಐ 1 ಸ್ಟಾರ್‌ನಲ್ಲಿ 500, ಅತಿ ಮೇಲಿನ ಐದು ಸ್ಟಾರ್‌ನಲ್ಲಿ 570.

ಹೆಲ್ಮೆಟ್ ಒಮ್ಮೆ ನೆಲಕ್ಕೆ ಬಡಿದರೆ ಬದಲಿಸಿ. ಬಾಡಿ ಪ್ರೊಟೆಕ್ಟರ್ (ಎದೆ, ಬೆನ್ನು ಕಾಯುವ ಕವಚ) ಇಎನ್ 13158 (ಯುರೋಪಿನ ಸುರಕ್ಷತಾ ಮಾನದಂಡ) ಲೆವೆಲ್ 3 ಗುರುತಿನದ್ದೇ ಇರಲಿ. ಏರ್ ವೆಸ್ಟ್ (ಬಿದ್ದಾಗ ಗಾಳಿ ತುಂಬಿಕೊಳ್ಳುವ ಅಂಗಿ) ಅದರ ಮೇಲೆ ಹಾಕುವಂಥದ್ದು, ಅದರ ಬದಲಿಗಲ್ಲ. ಇಳಿಯುವ ಮೊದಲು ಜೀನಿಗೆ ಸಿಕ್ಕಿಸಿದ ಏರ್ ವೆಸ್ಟಿನ ಹಗ್ಗ ಬಿಚ್ಚುವುದನ್ನು ಅಭ್ಯಾಸ ಮಾಡಿಸಿ, ಮರೆತು ಇಳಿದರೆ ಢಬ್ ಎಂದು ಸಿಡಿದು ಕುದುರೆ ಬೆದರುತ್ತದೆ.

ಹೆಸರಘಟ್ಟ_ಸವಾರಿ

ತುಂಬಾ ಉಪಕಾರವಾಯಿತು. ಕತ್ತಿನ ಪಟ್ಟಿಯ ವಿಷಯ ಹೊಳೆದೇ ಇರಲಿಲ್ಲ, ನಾಳೆಯೇ ಕಟ್ಟಿಸುತ್ತೇನೆ. ನಮ್ಮಲ್ಲಿ ಸುಮಾರು ಎರಡೂವರೆ ಎಕರೆ ಬಯಲಿದೆ, ಕೆಂಪು ಮಣ್ಣು, ಒಂದು ಬದಿ ಇಳಿಜಾರು. ನೀಲಗಿರಿ, ಸಿಲ್ವರ್ ಓಕ್ ದಿಮ್ಮಿಗಳು ಸುಲಭವಾಗಿ ಸಿಗುತ್ತವೆ. ಅಡ್ಡಿಗಳನ್ನು ನಾವೇ ಕಟ್ಟಬಹುದಾ? ಏನು ಎಚ್ಚರಿಕೆ ಬೇಕು?

ದಿಮ್ಮಿ_ಮತ್ತು_ಹಗ್ಗ

ಕಟ್ಟಬಹುದು. ಆದರೆ ಅರೀನಾದ ಕಂಬ ತಾಗಿದರೆ ಬೀಳುತ್ತದೆ, ಇದು ಬೀಳುವುದಿಲ್ಲ ಎಂಬುದನ್ನು ಒಂದು ಗಳಿಗೆಯೂ ಮರೆಯಬಾರದು. ಕುದುರೆಯ ಮುಂಗಾಲಿನ ಮೇಲ್ಭಾಗ ಗಟ್ಟಿ ಅಡ್ಡಿಗೆ ಬಡಿದರೆ ಇಡೀ ದೇಹ ಅದರ ಮೇಲಿಂದ ಪಲ್ಟಿಯಾಗಿ ಸವಾರನ ಮೇಲೆ ಬೀಳುತ್ತದೆ. ಈ ಆಟದಲ್ಲಿ ಜೀವ ಹೋಗುವುದು ಹೆಚ್ಚಾಗಿ ಹೀಗೇ. ಅದಕ್ಕಾಗಿಯೇ ದೊಡ್ಡ ಸ್ಪರ್ಧೆಗಳಲ್ಲಿ ಕೆಲವು ಅಡ್ಡಿಗಳಿಗೆ ಮಿಮ್ ಕ್ಲಿಪ್ ಅಥವಾ ಮುರಿಯುವ ಪಿನ್ ಹಾಕುತ್ತಾರೆ, ಜೋರಾಗಿ ಬಡಿದರೆ ಮೇಲಿನ ಕಂಬ ಕೆಳಗಿಳಿಯುತ್ತದೆ. ಅದಕ್ಕೆ 11 ದಂಡ ಅಂಕ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಮೈಕಲ್ ಯೂಂಗ್ ಅವರಿಗೂ ಈ 11 ಅಂಕ ಬಿದ್ದಿತ್ತು.

ದಿಮ್ಮಿ 25–30 ಸೆಂ.ಮೀ.ಗಿಂತ ಸಣ್ಣದು ಬೇಡ. ದಪ್ಪ ಇದ್ದಷ್ಟೂ ಕುದುರೆ ಗೌರವ ಕೊಟ್ಟು ಎತ್ತರ ಹಾರುತ್ತದೆ, ದುಂಡಗಿರುವುದರಿಂದ ಮಂಡಿ ತಾಗಿದರೂ ಜಾರಿಹೋಗುತ್ತದೆ. ಚೌಕ ಅಂಚಿನ ಹಲಗೆ ಪೆಟ್ಟಿಗೆ ಮಾಡುವುದಾದರೆ ಮೇಲಿನ ಅಂಚನ್ನು ರಂಧ ಹೊಡೆಸಿ ದುಂಡು ಮಾಡಿಸಿ. ತೊಗಟೆ ಪೂರ್ತಿ ತೆಗೆಸಿ, ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ, ಒಣಗಿದ ತೊಗಟೆ ಗೊರಸಿಗೆ ಸಿಕ್ಕಿ ಸುಲಿಯುತ್ತದೆ. ಕೊಂಬೆ ಕಡಿದ ಮೋಟು ಒಂದೂ ಉಳಿಯಬಾರದು, ಕೈಯಾಡಿಸಿ ನೋಡಿ. ಬಿದಿರು ಬೇಡ, ಸೀಳಿದರೆ ಈಟಿಯಾಗುತ್ತದೆ.

ಉರುಳುವ ದಿಮ್ಮಿ ಎಲ್ಲಕ್ಕಿಂತ ಅಪಾಯ. ಎರಡೂ ಬದಿ ಗೂಟ ಹೊಡೆದು ಹಗ್ಗದಿಂದ ಕಟ್ಟಿ. ತಂತಿ ಬೇಡ, ಉದ್ದ ಮೊಳೆಯೂ ಬೇಡ. ಕುದುರೆಯ ಕಾಲು ಸಿಕ್ಕಿಕೊಂಡರೆ ಹಗ್ಗವನ್ನು ಚಾಕುವಿನಿಂದ ಒಂದೇಟಿಗೆ ಕತ್ತರಿಸಬಹುದು. ಆ ಚಾಕು ತರಬೇತಿ ಕೊಡುವವರ ಜೇಬಿನಲ್ಲಿ ದಿನವೂ ಇರಬೇಕು. ನೆಲಕ್ಕೂ ದಿಮ್ಮಿಗೂ ನಡುವೆ ಸಂದು ಇದ್ದರೆ ಮಣ್ಣು ತುಂಬಿ, ಸಂದಿನಲ್ಲಿ ಕಾಲು ತೂರುತ್ತದೆ.

ಗ್ರೌಂಡ್ ಲೈನ್ (ಅಡ್ಡಿಯ ಬುಡ ತೋರಿಸಲು ನೆಲದ ಮೇಲಿಡುವ ಕಂಬ) ಹಾರುವ ಬದಿಗೆ 20–30 ಸೆಂ.ಮೀ. ಮುಂದೆ ಇರಲಿ. ಕುದುರೆ ಎಲ್ಲಿಂದ ಎಗರಬೇಕು ಎಂಬುದನ್ನು ಬುಡ ನೋಡಿ ಲೆಕ್ಕ ಹಾಕುತ್ತದೆ. ಬುಡ ಹಿಂದೆ, ತುದಿ ಮುಂದೆ ಇದ್ದರೆ ಹತ್ತಿರ ಬಂದುಬಿಡುತ್ತದೆ, ಮಂಡಿ ಬಡಿಯುತ್ತದೆ. ಹೀಗಾಗಿ ಇಳಿಜಾರು ಮುಖದ ಅಡ್ಡಿಯನ್ನು ಹಿಂದಿನಿಂದ ಎಂದೂ ಹಾರಿಸಬೇಡಿ.

ಬಣ್ಣದ ವಿಷಯ. ಕುದುರೆಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತದೆ, ಕೆಂಪು ಹಸಿರಿನ ಭೇದ ಸರಿಯಾಗಿ ತಿಳಿಯದು. ನಿಮ್ಮ ಕೆಂಪು ಮಣ್ಣು, ಒಣಹುಲ್ಲು, ಅದರ ಮೇಲೆ ಕಂದು ದಿಮ್ಮಿ, ಎಲ್ಲ ಒಂದೇ ಬಣ್ಣವಾಗಿ ಕಲಸಿಹೋಗುತ್ತದೆ. ದಿಮ್ಮಿಯ ಮೇಲ್ತುದಿಗೆ ಸುಣ್ಣವೋ ಹಳದಿ ಬಣ್ಣವೋ ಒಂದು ಪಟ್ಟೆ ಬಳಿದರೆ ವ್ಯತ್ಯಾಸ ಅಂದೇ ಗೊತ್ತಾಗುತ್ತದೆ. ಬಿಸಿಲಿನಿಂದ ಮರದ ನೆರಳಿನೊಳಕ್ಕೆ ಹಾರುವಂತೆ ಅಡ್ಡಿ ಇಡಬೇಡಿ, ಕತ್ತಲೆಗೆ ಅದರ ಕಣ್ಣು ಹೊಂದಿಕೊಳ್ಳುವುದು ನಿಧಾನ.

ಎರಡೂವರೆ ಎಕರೆಗೆ ಇಷ್ಟು ಸಾಕು: 40, 60, 75 ಸೆಂ.ಮೀ.ನ ಮೂರು ದಿಮ್ಮಿ ಅಕ್ಕಪಕ್ಕ, ಒಂದು ಡಿಚ್, ಇಳಿಜಾರಿನಲ್ಲಿ 40 ಮತ್ತು 60 ಸೆಂ.ಮೀ.ನ ಮೆಟ್ಟಿಲು, ಕಿರಿದಾದ ಅಡ್ಡಿಗೆ ಡ್ರಮ್ಮುಗಳು. ಕಿರಿದು ಕಲಿಸುವಾಗ ಮೂರು ಡ್ರಮ್ ಮಲಗಿಸಿ, ಎರಡೂ ಬದಿ ಪೋಲ್‌ಗಳನ್ನು ಆಲಿಕೆಯ ಹಾಗೆ ಒರಗಿಸಿ. ಆಮೇಲೆ ಎರಡು ಡ್ರಮ್. ಕೊನೆಗೆ ಪೋಲ್ ನೆಲಕ್ಕಿಳಿಸಿ. ಮೆಟ್ಟಿಲಿನ ಅಂಚಿಗೆ ದಿಮ್ಮಿ ಕಟ್ಟಿ ಹಿಂದೆ ಮಣ್ಣು ಬಿಗಿ ಮಾಡದಿದ್ದರೆ ಮೊದಲ ಮಳೆಗೇ ಕೊರೆದುಹೋಗುತ್ತದೆ.

ಎಗರುವ, ಇಳಿಯುವ ಜಾಗವನ್ನು ಏಪ್ರಿಲ್‌ನಲ್ಲಿ ಒಮ್ಮೆ ಗುದ್ದಲಿಯಿಂದ ಕೆದಕಿ ನೋಡಿ. ಇಟ್ಟಿಗೆಯ ಹಾಗೆ ಗಟ್ಟಿಯಾಗಿದ್ದರೆ ಹಿಂದಿನ ಸಂಜೆ ನೀರು ಹಾಯಿಸಿ, ಮೇಲೆ ಮರಳು ಮತ್ತು ಲಾಯದ ಹಳೆಯ ಹೊಟ್ಟು ಹರಡಿ.

ನಡೆಮುಂದೆ

ನೆಲದ ಮಾತು ಬಂದದ್ದರಿಂದ ಸ್ಟಡ್ (ಜಾರದಂತೆ ಲಾಳಕ್ಕೆ ತಿರುಪುವ ಮೊಳೆ) ಬಗ್ಗೆ ಎರಡು ಸಾಲು. ಗಟ್ಟಿ ನೆಲದ ಮೇಲೆ ತುಂತುರು ಬಿದ್ದಾಗ ಸಣ್ಣ ಚೂಪು ಸ್ಟಡ್, ಒದ್ದೆ ಮೆತ್ತನೆ ನೆಲಕ್ಕೆ ದಪ್ಪ ಚೌಕದ್ದು. ಲಾಳ ಕಟ್ಟುವಾಗಲೇ 3/8 ಇಂಚಿನ ತೂತು ಕೊರೆಸಿ, ಹತ್ತಿ ತುಂಬಿಡಿ. ಕೆಲಸ ಮುಗಿದ ಕೂಡಲೇ ಬಿಚ್ಚಿ, ಸ್ಟಡ್ ಹಾಕಿಕೊಂಡೇ ಗಾಡಿ ಹತ್ತಿಸಬೇಡಿ. 80 ಸೆಂ.ಮೀ.ಗೆ ಒಣ ದಿನ ಸ್ಟಡ್ ಬೇಕಾಗುವುದೇ ಇಲ್ಲ.

ಲಾಯದ_ವೈದ್ಯ

ನಾಲ್ಕು ತಿಂಗಳು ಎಂದಿರಿ. ಹೃದಯ, ಮಾಂಸಖಂಡ ಆರೆಂಟು ವಾರದಲ್ಲಿ ಗಟ್ಟಿಯಾಗುತ್ತವೆ. ಟೆಂಡನ್, ಮೂಳೆ ಆ ವೇಗಕ್ಕೆ ಬರುವುದಿಲ್ಲ, ಅವಕ್ಕೆ ತಿಂಗಳುಗಳೇ ಬೇಕು. ಥರೋಬ್ರೆಡ್ ಉಸಿರಾಟ ಬೇಗ ಹಿಡಿಯುವುದರಿಂದ ಕಾಲೂ ತಯಾರಾಗಿದೆ ಎಂದು ಮೋಸ ಹೋಗುತ್ತೇವೆ. ಹೀಗಾಗಿ ಮೊದಲ ಐದಾರು ವಾರ ಬರೀ ವಾಕ್ ಮತ್ತು ಟ್ರಾಟ್, ದಿನಕ್ಕೆ ಒಂದರಿಂದ ಒಂದೂವರೆ ಗಂಟೆ, ಏರಿಳಿತದ ದಾರಿಯಲ್ಲಿ. ಆಮೇಲೆ ನಾಲ್ಕು ದಿನಕ್ಕೊಮ್ಮೆ ಇಂಟರ್ವಲ್: 3 ನಿಮಿಷ ಕ್ಯಾಂಟರ್ ನಿಮಿಷಕ್ಕೆ 350 ಮೀ. ವೇಗದಲ್ಲಿ, 3 ನಿಮಿಷ ವಾಕ್, ಹೀಗೆ ಮೂರು ಸಲ. ವಾರ ಕಳೆದಂತೆ 4 ನಿಮಿಷ, 5 ನಿಮಿಷ. ಮೊದಲು ಸಮಯ ಹೆಚ್ಚಿಸಿ, ಆಮೇಲೆ ವೇಗ. ಒಂದೇ ವಾರದಲ್ಲಿ ಎರಡನ್ನೂ ಹೆಚ್ಚಿಸಬೇಡಿ.

ಅಳೆಯದೆ ಮಾಡಬೇಡಿ. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 28–44, ಉಸಿರು 8–16, ಮೈಬಿಸಿ 37.5–38.5 ಡಿಗ್ರಿ ಸೆಲ್ಸಿಯಸ್. ಕೆಲಸ ಮುಗಿದ 10 ನಿಮಿಷದಲ್ಲಿ ನಾಡಿ 64ರ ಆಸುಪಾಸಿಗೆ ಇಳಿಯದಿದ್ದರೆ ಅಂದಿನ ಕೆಲಸ ಹೆಚ್ಚಾಯಿತು ಎಂದೇ ಲೆಕ್ಕ. ದಿನವೂ ಬೆಳಿಗ್ಗೆ, ಲಾಯದಿಂದ ಹೊರಗೆ ತೆಗೆಯುವ ಮೊದಲು, ಮುಂಗಾಲಿನ ಟೆಂಡನ್ ಮೇಲೆ ಕೈಯಿಟ್ಟು ಮೇಲಿನಿಂದ ಕೆಳಗೆ ಸವರಿ. ಎರಡೂ ಕಾಲು ಒಂದೇ ತಂಪು, ಒಂದೇ ಗಾತ್ರ ಇರಬೇಕು. ಒಂದು ಬೆರಳಗಲ ಬಿಸಿ ಸಿಕ್ಕರೂ ಆ ದಿನ ಓಡಿಸಬೇಡಿ, ವೈದ್ಯರಿಗೆ ತೋರಿಸಿ. ಈ ಕೆಲಸ ಸೈಸ್ (ಕುದುರೆ ನೋಡಿಕೊಳ್ಳುವವರು) ಅವರಿಗೆ ಬಿಟ್ಟರೂ ಸರಿ, ಆದರೆ ಪ್ರತಿದಿನ ಒಬ್ಬರೇ ಮಾಡಲಿ. ನಿನ್ನೆ ಹೇಗಿತ್ತು ಎಂಬುದು ಆ ಕೈಗೆ ಗೊತ್ತಿರಬೇಕು.

ಕೆಲಸ ಮುಗಿದ ಮೇಲೆ ತಣ್ಣೀರು ಸುರಿಯಲು ಹೆದರಬೇಡಿ. ಬಿಸಿಯಾದ ಕುದುರೆಗೆ ತಣ್ಣೀರು ಹಾಕಿದರೆ ಮೈ ಹಿಡಿದುಕೊಳ್ಳುತ್ತದೆ ಎಂಬ ನಂಬಿಕೆ ತಪ್ಪು. ಮೈತುಂಬ ಸುರಿಯುತ್ತಲೇ ಇರಿ, ನಡುವೆ ನಡೆಸಿ, ಮತ್ತೆ ಸುರಿಯಿರಿ. ಮೈಬಿಸಿ 39ರ ಕೆಳಗೆ ಬಂದ ಮೇಲೆ ನಿಲ್ಲಿಸಿ. 41 ದಾಟಿದರೆ ಜೀವಾಪಾಯ. ಬೆವರಿನಲ್ಲಿ ಉಪ್ಪು ಬಹಳ ಹೋಗುತ್ತದೆ, ದಿನಕ್ಕೆ 30 ಗ್ರಾಂ ಅಡುಗೆ ಉಪ್ಪು ಮೇವಿನಲ್ಲಿ ಕೊಡಿ, ಜೊತೆಗೆ ನೀರು ಯಾವಾಗಲೂ ಮುಂದಿರಲಿ. ಬೆಂಗಳೂರಿನ ಹವೆಗಿಂತ ಮಂಗಳೂರು, ಚೆನ್ನೈ ಕಡೆಯ ಸೆಕೆಯಲ್ಲಿ ಕೆಲವು ಕುದುರೆಗಳಿಗೆ ಬೆವರುವುದೇ ನಿಂತುಹೋಗುತ್ತದೆ. ಏದುಸಿರು ಇದ್ದು ಮೈ ಒಣಗಿದ್ದರೆ ತಕ್ಷಣ ನಿಲ್ಲಿಸಿ ನೆರಳಿಗೆ ತನ್ನಿ.

ಹೆಸರಘಟ್ಟ_ಸವಾರಿ

ಕೊನೆಯ ಪ್ರಶ್ನೆ. ವಾರಕ್ಕೆ ಎಷ್ಟು ದಿನ ಬಯಲಿನಲ್ಲಿ ಹಾರಿಸಲಿ? ಸ್ಪರ್ಧೆಯ ದಿನ ಡಿಚ್‌ನಲ್ಲಿ ನಿಂತರೆ ಏನು ಮಾಡಬೇಕು?

ರಿಕಾಪು_1982

ಗಟ್ಟಿ ಅಡ್ಡಿ ಹತ್ತು ದಿನಕ್ಕೊಮ್ಮೆ ಸಾಕು, ಒಂದು ಸಲಕ್ಕೆ 15–20 ಜಿಗಿತ. ಅರೀನಾದಲ್ಲಿ ಗ್ರಿಡ್ (ಸಾಲಾಗಿಟ್ಟ ಪೋಲ್, ಅಡ್ಡಿಗಳು) ವಾರಕ್ಕೊಮ್ಮೆ, ಫ್ಲಾಟ್‌ವರ್ಕ್ (ಹಾರಿಸದೆ ಮಾಡಿಸುವ ಅಭ್ಯಾಸ) ಎರಡು ದಿನ, ಇಂಟರ್ವಲ್ ಒಂದೆರಡು ದಿನ, ಒಂದು ದಿನ ನಡಿಗೆ, ಒಂದು ದಿನ ಪೂರ್ತಿ ರಜೆ. ಒಳ್ಳೆಯದಾಗಿ ಹಾರಿದ ಮೇಲೆ ಇನ್ನೊಂದು ಸಲ ನೋಡೋಣ ಎನ್ನಬೇಡಿ. ಕಾಲು ದಣಿದಾಗ ಹಾರುವ ಆ ಇನ್ನೊಂದು ಸಲದಲ್ಲೇ ಪೆಟ್ಟಾಗುವುದು.

ಕೋರ್ಸ್ ಮೂರು ಸಲ ನಡೆಯಲಿ. ಮೊದಲನೆಯದು ಬರೀ ನೋಡುವುದಕ್ಕೆ. ಎರಡನೆಯದರಲ್ಲಿ ದಾರಿ, ನೆಲ, ಎಲ್ಲಿ ಲಯ ಕೂಡಿಸಬೇಕು ಎಂಬ ಜಾಗ ಗುರುತಿಸಬೇಕು. ಮೂರನೆಯದನ್ನು ತನ್ನ ಸರದಿಯ ಹೊತ್ತಿಗೇ ನಡೆಯಲಿ, ಬಿಸಿಲು ಎಲ್ಲಿಂದ ಬೀಳುತ್ತದೆ ಎಂದು ತಿಳಿಯುತ್ತದೆ. ಕೆಂಪು ಬಾವುಟ ಬಲಕ್ಕೆ, ಬಿಳಿ ಎಡಕ್ಕೆ.

ಸಮಯದ ಚಿಂತೆ ಬೇಡ. ನಿಗದಿತ ಸಮಯ ಮೀರಿದ ಪ್ರತಿ ಸೆಕೆಂಡಿಗೆ 0.4 ಅಂಕ ಅಷ್ಟೇ, ಒಮ್ಮೆ ನಿಂತರೆ 20. ಟೋಕಿಯೊದಲ್ಲಿ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಎಲ್ಲ ಅಡ್ಡಿಗಳನ್ನೂ ನಿಲ್ಲದೆ ಹಾರಿ, 28 ಸೆಕೆಂಡ್ ತಡವಾಗಿ ಬಂದರು. ದಂಡ 11.20. ಕೊನೆಗೆ 23ನೇ ಸ್ಥಾನ. ಅಂದರೆ ಒಲಿಂಪಿಕ್ಸ್‌ನಲ್ಲೂ ಅರ್ಧ ನಿಮಿಷದ ತಡ ಒಂದು ನಿಲುಗಡೆಗಿಂತ ಅಗ್ಗ. ನಿಮ್ಮ ಹುಡುಗಿ ಅರ್ಧ ನಿಮಿಷ ತಡವಾಗಿ ಬಂದರೂ ಬರಲಿ, ಡಿಚ್‌ಗೆ ಟ್ರಾಟ್‌ನಲ್ಲೇ ಹೋಗಲಿ.

ನಿಂತರೆ: ದೂರಕ್ಕೆ ಓಡಿಸಿ ಮತ್ತೆ ತರಬೇಡಿ. ಎಂಟು ಹತ್ತು ಮೀಟರಿನಷ್ಟೇ ತಿರುಗಿ, ಟ್ರಾಟ್, ಕೈ ಪಟ್ಟಿಯಲ್ಲಿ, ಕಣ್ಣು ಮೇಲೆ. ಅದೇ ಅಡ್ಡಿಯಲ್ಲಿ ಎರಡನೇ ಸಲ ನಿಂತರೆ ಇನ್ನೂ 40 ಅಂಕ, ಮೂರನೇ ಸಲಕ್ಕೆ ಹೊರಗೆ. ಎರಡು ಸಲ ನಿಂತ ಮೇಲೆ ಮೂರನೆಯದನ್ನು ಕೇಳಬೇಡಿ. ಅವಳೇ ಕೈಯೆತ್ತಿ ನಿವೃತ್ತಿ ಹೇಳಿ, ವಾಕ್‌ನಲ್ಲಿ ವಾಪಸ್ ಬರಲಿ. ಎರಡು ದಿನ ಬಿಟ್ಟು ಮನೆಯ ಎರಡಡಿ ಡಿಚ್‌ನಿಂದ ಮತ್ತೆ ಶುರು ಮಾಡಿ, ಜೊತೆಗಾರ ಕುದುರೆ ಮುಂದಿರಲಿ.